ಅವನಿಗೆ ನೀನೇನಾಗಬೇಕು

ಟಿ.ವಿ. ಪರದೆಯ ಮೇಲೆ ಇಬ್ಬರು ಗಂಡಸರು ಒಬ್ಬರ ಹೆಗಲ ಮೇಲೊಬ್ಬರು ಮುಖವಿಟ್ಟು ನಿಂತಾಗ ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆ ನಗು ಬೆಂಚಿನಿಂದ ಬೆಂಚಿಗೆ ದಾಟಿ ಮುಂದಿನ ಸಾಲಿನವರೆಗೂ ಬಂತು. ಹೆಡ್ ನರ್ಸ್ ಅನ್ನಮ್ಮ ಎದ್ದು ನಿಂತು, "ಇಂಥಾದ್ದು ತೋರಿಸ್ಲಾಕ ಕರಿಸೀರೇನ್ರಿ ಮೇಡಂ? ವಾರ್ಡಿನಾಗ ನನಗ ಬೇಕಾದಷ್ಟು ಕೆಲಸ ಅದಾವ," ಎಂದು ನಡೆದುಬಿಟ್ಟರು. ಅವರ ಹಿಂದೆ ಒಬ್ಬೊಬ್ಬರಾಗಿ ಉಳಿದವರೂ ಎದ್ದರು.

ಡಾಕ್ಟರ್ ಅಮೀನಾ ಯಾರನ್ನೂ ತಡೆಯಲಿಲ್ಲ. ಅವರು ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತಷ್ಟೆ. ವಾರ್ಡಿನ ತುದಿಯ ಕೋಣೆಯಲ್ಲಿ ಏಡ್ಸ್ ಆಗಿದ್ದ ಲಾರಿ ಡ್ರೈವರ್ ಒಬ್ಬನನ್ನು ಮಲಗಿಸಿ ಹನ್ನೆರಡು ದಿನವಾಗಿತ್ತು. ಅವನ ಊಟದ ತಟ್ಟೆಯನ್ನು ಎಲ್ಲರೂ ಹೊಸ್ತಿಲಲ್ಲೇ ಇಟ್ಟು ಹೋಗುತ್ತಿದ್ದರು. ಮುಟ್ಟಿದರೆ ಬರುವ ರೋಗವಲ್ಲ ಎಂದು ಹೇಳಿ ಹೇಳಿ ಸೋತ ಡಾಕ್ಟರು ಹೈದರಾಬಾದಿನ ಗೆಳತಿಯಿಂದ ಈ ಕ್ಯಾಸೆಟ್ ತರಿಸಿದ್ದರು. ಇದು ಸರ್ಕಾರದ ಪ್ರಚಾರದ ಚಿತ್ರವಲ್ಲ, ಯಾವುದೋ ದೇಶದಲ್ಲಿ ನಾಲ್ಕೈದು ಗೆಳೆಯರು ಕೈಯಿಂದ ದುಡ್ಡು ಹಾಕಿ ತೆಗೆದ ಸಿನಿಮಾ ಎಂದು ಮೊದಲೇ ಹೇಳಿದ್ದರು. 1997ರ ಜುಲೈ ತಿಂಗಳ ಆ ಮಧ್ಯಾಹ್ನ, ಕಲಬುರಗಿಯ ಆ ದವಾಖಾನೆಯ ಟ್ರೇನಿಂಗ್ ಕೋಣೆಯಲ್ಲಿ ಕೊನೆಗೆ ಉಳಿದವರು ಇಬ್ಬರೇ. ಡಾಕ್ಟರು, ಮತ್ತು ಆಯಾ ಪುತಳಾಬಾಯಿ.

ಪುತಳಾಬಾಯಿ ಮೊದಲು ಕೂತದ್ದು ಫ್ಯಾನಿನ ಗಾಳಿಗೆ. ಬೆಳಿಗ್ಗೆಯಿಂದ ನೆಲ ಒರೆಸಿ ಅವಳ ಸೊಂಟ ಹಿಡಿದುಕೊಂಡಿತ್ತು. ಇಂಗ್ಲಿಷಿನ ಒಂದಕ್ಷರವೂ ಅವಳಿಗೆ ತಿಳಿಯದು. ಆದರೆ ಆ ಸಿನಿಮಾದಲ್ಲಿ ಮಾತೇ ಕಡಿಮೆಯಿತ್ತು. ಒಂದು ಸಣ್ಣ ಅಡುಗೆಮನೆ, ಕಿಟಕಿಯಾಚೆ ಬೂದುಬಣ್ಣದ ಸಮುದ್ರ. ಇಬ್ಬರಲ್ಲಿ ಒಬ್ಬ ದಿನದಿನಕ್ಕೆ ಸೊರಗುತ್ತಾನೆ. ಇನ್ನೊಬ್ಬ ಅವನನ್ನು ಕುರ್ಚಿಯಲ್ಲಿ ಕೂರಿಸಿ ಕೂದಲು ಕತ್ತರಿಸುತ್ತಾನೆ, ಕತ್ತಿನ ಮೇಲೆ ಅಂಟಿದ ಚೂರುಗಳನ್ನು ಮೆಲ್ಲಗೆ ಊದಿ ಹಾರಿಸುತ್ತಾನೆ. ಅವನು ಊದಿದ ರೀತಿ ನೋಡಿಯೇ ಪುತಳಾಬಾಯಿ ನೆಟ್ಟಗೆ ಕೂತಳು. ಹತ್ತು ವರ್ಷ ಸಂಸಾರ ಮಾಡಿ ಗಂಡನನ್ನು ಕಳೆದುಕೊಂಡವಳು ಅವಳು. ಅದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಆಮೇಲೆ ಒಂದು ದವಾಖಾನೆಯ ಉದ್ದನೆಯ ಪಡಸಾಲೆ. ಸೂಟ್‌ಕೇಸ್ ಹಿಡಿದು ಒಬ್ಬ ಹೆಂಗಸು ಬರುತ್ತಾಳೆ. ರೋಗಿಯ ಅಕ್ಕನೇ ಇರಬೇಕು, ಮೂಗು ಗದ್ದ ಒಂದೇ ಅಚ್ಚು. ಅವಳು ಕೋಣೆಯ ಬಾಗಿಲಿಗೆ ಅಡ್ಡ ನಿಂತು ಆ ಇನ್ನೊಬ್ಬನನ್ನು ಏನೋ ಕೇಳುತ್ತಾಳೆ. ಅವನು ಏನೋ ಹೇಳುತ್ತಾನೆ. ಬಾಗಿಲು ಮುಚ್ಚುತ್ತದೆ. ಅವನು ಕೋಟನ್ನು ತೊಡೆಯ ಮೇಲಿಟ್ಟುಕೊಂಡು ಹೊರಗಿನ ಬೆಂಚಿನ ಮೇಲೆ ಕೂರುತ್ತಾನೆ. ಪಡಸಾಲೆಯ ದೀಪಗಳು ಆರುತ್ತವೆ, ಮತ್ತೆ ಹತ್ತುತ್ತವೆ, ಅವನು ಕೂತೇ ಇರುತ್ತಾನೆ.

ಸಿನಿಮಾ ಮುಗಿದು ಪರದೆಯ ತುಂಬ ಚುಕ್ಕೆಗಳು ಕುಣಿಯತೊಡಗಿದವು.

"ಮೇಡಂ, ಬಾಗಿಲದಾಗ ನಿಂತು ಆಕಿ ಏನ್ ಕೇಳಿದ್ಲು ಅಂವಗ?"

"'ನನ್ನ ತಮ್ಮಗ ನೀ ಏನಾಗಬೇಕು' ಅಂತ ಕೇಳಿದ್ಲು."

"ಅಂವ ಏನಂದ?"

ಡಾಕ್ಟರು ಸ್ವಲ್ಪ ಯೋಚಿಸಿ ಕನ್ನಡ ಕೂಡಿಸಿಕೊಂಡರು. "'ರಾತ್ರಿ ಅವಗ ಎಷ್ಟು ಗಂಟೇಕ್ಕ ನೀರಡಿಕಿ ಆಗ್ತದ, ಅದು ಗೊತ್ತಿದ್ದಾಂವ ನಾ' ಅಂದ."

ಪುತಳಾಬಾಯಿ ಸೆರಗಿನಿಂದ ಕತ್ತು ಒರೆಸಿಕೊಂಡಳು. "ಇನ್ನೊಂದ್ಸಲ ಹಚ್ರಿ," ಎಂದಳು.

"ಪೂರಾ?"

"ಆಕಿ ಸೂಟ್‌ಕೇಸ್ ಹಿಡ್ಕೊಂಡ್ ಬರ್ತಾಳಲ್ರಿ, ಅಲ್ಲಿಂದ ಹಚ್ರಿ. ಸಾಕು."

ಎರಡು ವರ್ಷದ ಹಿಂದೆ ತವರೂರು ಕಮಲಾಪುರದಲ್ಲಿ ಅವಳೂ ಹಾಗೆಯೇ ಅಡ್ಡ ನಿಂತಿದ್ದಳು.

ಅವಳ ತಮ್ಮ ಅಂಬಣ್ಣ ಕಲಬುರಗಿಯಲ್ಲಿ ಅಂಗಡಿಗಳಿಗೆ ಬೋರ್ಡ್ ಬರೆಯುತ್ತಿದ್ದ. ಶಬ್ಬೀರ್ ಅವನ ಜೊತೆಗಾರ. ಕಿರಾಣಿಯದಿರಲಿ, ಬಟ್ಟೆಯದಿರಲಿ, ಬೋರ್ಡಿನ ಕನ್ನಡದ ಸಾಲು ಅಂಬಣ್ಣನದು, ಉರ್ದು ಸಾಲು ಶಬ್ಬೀರನದು. ಮೋಮಿನಪುರದ ಒಂದು ಗಲ್ಲಿಯಲ್ಲಿ ಏಳು ವರ್ಷ ಒಂದೇ ಕೋಣೆಯಲ್ಲಿದ್ದರು. ಹಬ್ಬಕ್ಕೆ ಹೋಳಿಗೆ ಕೊಡಲು ಹೋದಾಗಲೆಲ್ಲ ಪುತಳಾಬಾಯಿಗೆ ಗೋಡೆಯ ಪಕ್ಕ ಸುತ್ತಿಟ್ಟ ಹಾಸಿಗೆ ಒಂದೇ ಕಾಣುತ್ತಿತ್ತು. ಕಂಡಿದ್ದಳು, ಕೇಳಿರಲಿಲ್ಲ. ಕೇಳಿದರೆ ಉತ್ತರ ಬರುತ್ತದೆ ಎಂಬ ಅಂಜಿಕೆ.

ಅಂಬಣ್ಣನ ಮೈ ಒಣಗುತ್ತ ಬಂತು. ರಕ್ತ ತಪಾಸಣೆಯ ಚೀಟಿ ಕೈಗೆ ಸಿಕ್ಕ ದಿನವೇ ಅಣ್ಣ ಚಂದ್ರಶಾ ಜೀಪು ತಂದು ಅವನನ್ನು ಕಮಲಾಪುರಕ್ಕೆ ಒಯ್ದ. ಊರವರಿಗೆ ಕಾಮಾಲೆ ರೋಗ ಎಂದು ಹೇಳಿದ. ಬಾಳೆಗೊನೆಗಳನ್ನು ಹಣ್ಣಿಗೆ ಹಾಕುವ ಹಿತ್ತಲ ಕೋಣೆಯನ್ನು ಖಾಲಿ ಮಾಡಿಸಿ ಅಲ್ಲಿ ಮಲಗಿಸಿದ. ಪುತಳಾಬಾಯಿ ರಜೆ ಹಾಕಿ ಹೋದಳು. ಹೇಲು ಉಚ್ಚೆ ಬಳಿದವಳು, ಗಂಜಿ ಕುಡಿಸಿದವಳು ಅವಳೇ. ತಮ್ಮನಿಗೆ ತಾನು ಮಾಡಬೇಕಾದ್ದನ್ನೆಲ್ಲ ಮಾಡಿದೆ ಎಂದು ಈ ಎರಡು ವರ್ಷ ಅವಳು ನಂಬಿಕೊಂಡಿದ್ದಳು.

ಶಬ್ಬೀರ್ ಮೂರು ಸಲ ಬಂದಿದ್ದ. ಮೊದಲ ಸಲ ಥರ್ಮಾಸು, ಬನ್ನಿನ ಪೊಟ್ಟಣ. ಎರಡನೆಯ ಸಲ ಅಂಬಣ್ಣನ ಗಡ್ಡ ಕೆರೆಯುವ ಸಾಮಾನು. ಮೂರನೆಯ ಸಲ ಬರಿಗೈ. ಮೂರು ಸಲವೂ ಅವಳು ಅವನನ್ನು ಓಣಿಯ ತುದಿಯಲ್ಲೇ ತಡೆದಿದ್ದಳು.

"ಅವಗ ನೀ ಏನಾಗಬೇಕು?" ಎಂದು ಕೇಳಿದ್ದಳು, ಓಣಿಯ ಹೆಂಗಸರಿಗೆಲ್ಲ ಕೇಳುವ ಹಾಗೆ.

"ಕೂಡಿ ಬೋರ್ಡ್ ಬರೀತೀವ್ರಿ, ಅಕ್ಕಾರ."

"ಹಂಗಾರ ಹೋಗಿ ಬೋರ್ಡ್ ಬರಿ. ಇಲ್ಲಿ ಬರಿಯೂದೇನದ?"

ಅವನು ಸಂಜೆಯವರೆಗೆ ಬಸ್ ನಿಲ್ದಾಣದಲ್ಲಿ ಕೂತಿದ್ದನೆಂದು ಬಾಳೆಹಣ್ಣು ಮಾರುವ ದುಂಡಮ್ಮ ಬಂದು ಹೇಳಿದ್ದಳು. ಒಳಗೆ ಅಂಬಣ್ಣ ಗೋಡೆಗೆ ಮುಖ ಮಾಡಿ ಮಲಗಿ, "ಶಬ್ಬೀರ್ ಬಂದಿದ್ನೇನಕ್ಕಾ?" ಎನ್ನುತ್ತಿದ್ದ. "ಯಾರೂ ಬಂದಿಲ್ಲ," ಎನ್ನುತ್ತಿದ್ದಳು. ಹದಿನೆಂಟನೆಯ ದಿನದ ನಂತರ ಅವನು ಕೇಳುವುದನ್ನು ಬಿಟ್ಟ. ಇಪ್ಪತ್ತೊಂದನೆಯ ದಿನ ತೀರಿಕೊಂಡ.

ಸಿನಿಮಾ ನೋಡಿದ ಮರುದಿನ ಪುತಳಾಬಾಯಿ ತುದಿಯ ಕೋಣೆಯ ತಟ್ಟೆಯನ್ನು ಹೊಸ್ತಿಲಲ್ಲಿ ಇಡಲಿಲ್ಲ. ಒಳಗೆ ಹೋಗಿ ಸ್ಟೂಲು ಎಳೆದುಕೊಂಡು ಕೂತು ಅನ್ನ ಕಲಸಿದಳು. ಡ್ರೈವರ್ ಅವಳನ್ನೇ ದಿಟ್ಟಿಸಿದ. "ಹೆದರಿಕಿ ಆಗಂಗಿಲ್ಲೇನ್ರಿ ನಿಮಗ?" ಎಂದ.

"ಆಗ್ತದ. ಬಾಯಿ ತೆರಿ."

ಅವಳಿಗೆ ಆ ಸಿನಿಮಾದ ಹೆಸರು ಮುಂದೆಂದೂ ಗೊತ್ತಾಗಲಿಲ್ಲ. ಕ್ಯಾಸೆಟ್ ಹೈದರಾಬಾದಿಗೆ ಮರಳಿತು, ಅಮೀನಾ ಮೇಡಂಗೂ ಕೆಲವು ವರ್ಷಗಳಲ್ಲಿ ವರ್ಗವಾಯಿತು. ಆದರೆ ನಿವೃತ್ತಿಯಾಗುವ ತನಕ, ಆ ತುದಿಯ ಕೋಣೆಯ ರೋಗಿಯನ್ನು ನೋಡಲು ಯಾರು ಬಂದರೂ ಅವಳು ಏನಾಗಬೇಕೆಂದು ಕೇಳದೆ ಒಳಗೆ ಬಿಟ್ಟಳು. ಅದಕ್ಕಾಗಿ ಎರಡು ಸಲ ಮೇಲಿನವರಿಂದ ಬೈಸಿಕೊಂಡಳು. ಅದೆಲ್ಲ ಆಮೇಲಿನ ಮಾತು. ಆ ವಾರ ಅವಳಿಗೆ ಬೇಕಾಗಿದ್ದವನು ಒಬ್ಬನೇ.

ಮೋಮಿನಪುರದ ಆ ಕೋಣೆಯಲ್ಲಿ ಈಗ ಬೇರೆ ಸಂಸಾರವಿತ್ತು. ಎದುರು ಮನೆಯ ಜೈನಾಬಿ ಅಕ್ಕಿ ಆರಿಸುತ್ತ ಕೂತಿದ್ದವಳು, "ಪೇಂಟರ್ ಶಬ್ಬೀರ? ಅಂವ ಮಕಾನ್ ಖಾಲಿ ಮಾಡಿ ಎರಡು ವರ್ಸ ಆಯ್ತು. ಬ್ರಹ್ಮಪುರದಾಗ ಗೋಡಿ ಬರಿಲಾಕತ್ತಾನಂತ, ಸಿಮೆಂಟಿನ ಜಾಹಿರಾತು," ಎಂದಳು.

ಮಧ್ಯಾಹ್ನ ಎರಡಕ್ಕೆ ಡ್ಯೂಟಿ ಮುಗಿಸಿಕೊಂಡು ಪುತಳಾಬಾಯಿ ಬ್ರಹ್ಮಪುರಕ್ಕೆ ಹೋದಳು. ಉದ್ದನೆಯ ಗೋಡೆಗೆ ಬಿದಿರಿನ ಏಣಿ ಒರಗಿಸಿ, ಅದರ ಮೇಲೆ ಬೆನ್ನು ತಿರುಗಿಸಿ ನಿಂತಿದ್ದ ಅವನನ್ನು ಕೂಡಲೆ ಗುರುತಿಸಿದಳು. ಕೂದಲು ಬೆಳ್ಳಗಾಗಿತ್ತು. ಮೂವತ್ತೈದು ದಾಟದವನ ಕೂದಲು.

"ಶಬ್ಬೀರ್."

ಅವನು ಕೆಳಗೆ ನೋಡಿದ. ಬ್ರಷ್ಷು ಒಂದು ಕ್ಷಣ ನಿಂತು, ಮತ್ತೆ ನಡೆಯಿತು. "ಕೆಲಸದಾಗ ಇದೀನಿ."

"ಮುಗಿಯೂ ತನಕ ನಿಲ್ತೀನಿ."

ಬಿಸಿಲು ಇಳಿಯುವ ತನಕ ನಿಂತಳು. ಅವನು ಏಣಿ ಹೆಗಲಿಗೆ ಹಾಕಿಕೊಂಡು, ಡಬ್ಬಿಗಳನ್ನು ತೂಗಿಸಿಕೊಂಡು ಅವಳ ಮುಂದೆಯೇ ಹಾದುಹೋದ. ಮರುದಿನ ಮತ್ತೆ ಹೋದಳು. ಅಂದೂ ಅಷ್ಟೇ ಆಯಿತು. ಮೂರನೆಯ ದಿನ ಅವನು ಏಣಿಯ ಮೇಲಿಂದಲೇ, ತಿರುಗದೆ ಕೇಳಿದ: "ಏನ್ ಬೇಕಾಗ್ಯಾದ ನಿಮಗ? ಮಾಫಿ ಬೇಕೇನು?"

"ಇಲ್ಲ. ನಿನಗ ಒಂದು ಮಾತು ಹೇಳೂದದ. ಕೇಳಿದ ಮ್ಯಾಲ ನೀ ಮಾಫಿ ಮಾಡಂಗಿಲ್ಲ ಅಂತ ನನಗ ಗೊತ್ತದ."

ಅವನು ಇಳಿದು ಬಂದ. ಗೋಡೆಯ ಬುಡದ ನೆರಳಿನಲ್ಲಿ ಕೂತ. ಅವಳು ಕೂರಲಿಲ್ಲ. ಬಸ್ಸಿನಲ್ಲಿ, ವಾರ್ಡಿನಲ್ಲಿ, ನೆಲ ಒರೆಸುವಾಗ ಈ ಮಾತನ್ನು ಹತ್ತು ಬಗೆಯಲ್ಲಿ ಕಟ್ಟಿ ನೋಡಿದ್ದಳು. ಅಂಬಣ್ಣನಿಗೆ ಎಚ್ಚರವೇ ಇರಲಿಲ್ಲ ಎನ್ನಬಹುದಿತ್ತು. ಚಂದ್ರಶಾ ಬಿಡಲಿಲ್ಲ ಎನ್ನಬಹುದಿತ್ತು. ಅದು ಅರ್ಧ ನಿಜವೂ ಆಗಿತ್ತು.

"ಅಂವ ನಿನ್ನ ಕೇಳ್ತಿದ್ದ," ಎಂದಳು. "ಶಬ್ಬೀರ್ ಬಂದಿದ್ನೇನು ಅಂತ. ಯಾರೂ ಬಂದಿಲ್ಲ ಅಂದೆ ನಾನು. ನೀ ಬಂದು ಹೋದ ದಿನಾನೂ ಹಂಗೇ ಅಂದೆ. ಅಣ್ಣ ಹೇಳು ಅಂದಿದ್ದಿಲ್ಲ. ನಾನೇ ಅಂದೆ."

ರಸ್ತೆಯಲ್ಲಿ ಒಂದು ಟಂಟಂ ಆಟೊ ಹೋಯಿತು. ಅವನು ಕೈಯಲ್ಲಿದ್ದ ಬ್ರಷ್ಷನ್ನು ಡಬ್ಬಿಯ ಮೇಲಿಟ್ಟ.

"ಎಷ್ಟು ಸಲ ಕೇಳಿದ?"

"ದಿನಾ. ಹದಿನೆಂಟು ದಿನ."

"ಹಂಗಾರ ನಾ ಬರ್ಲೇ ಇಲ್ಲಂತ ತಿಳ್ಕೊಂಡು ಹೋದ."

"ಹೌದು."

ಶಬ್ಬೀರ್ ಸೀಮೆಎಣ್ಣೆಯ ಡಬ್ಬಿಯನ್ನು ಹತ್ತಿರ ಎಳೆದುಕೊಂಡು ಬ್ರಷ್ಷು ತೊಳೆಯತೊಡಗಿದ. ಬಣ್ಣ ಪೂರ್ತಿ ಹೋದ ಮೇಲೂ ತೊಳೆಯುತ್ತಲೇ ಇದ್ದ. "ಹೋಗ್ರಿ ಅಕ್ಕಾರ," ಎಂದ ಕೊನೆಗೆ. "ಈಗ ನನ್ನ ಕೈ ಏನ್ ಮಾಡ್ತದೋ ನನಗೇ ಗೊತ್ತಿಲ್ಲ. ಹೋಗ್ರಿ."

ಅವಳು ಹೋದಳು. ಮರುದಿನ ಮತ್ತೆ ಬಂದಾಗ ಗೋಡೆಯ ಮೇಲೆ ಅಕ್ಷರ ಅರ್ಧಕ್ಕೇ ನಿಂತಿತ್ತು, ಏಣಿ ಇರಲಿಲ್ಲ. ಅದರ ಮರುದಿನವೂ ಇಲ್ಲ. ಆದರೂ ಡ್ಯೂಟಿ ಮುಗಿದ ಮೇಲೆ ಮನೆಗೆ ಹೋಗುವ ಮೊದಲು ಬ್ರಹ್ಮಪುರದ ಆ ಗೋಡೆಯವರೆಗೆ ನಡೆದು ಬರುವುದನ್ನು ಬಿಡಲಿಲ್ಲ.

ಒಂಬತ್ತನೆಯ ದಿನ ಅವನೇ ದವಾಖಾನೆಗೆ ಬಂದ. ಪುತಳಾಬಾಯಿ ತುದಿಯ ಕೋಣೆಯಲ್ಲಿ ಡ್ರೈವರನ ಬೆನ್ನು ಒರೆಸುತ್ತಿದ್ದಳು. ಬಾಗಿಲಲ್ಲಿ ನೆರಳು ಬಿದ್ದಂತಾಗಿ ತಿರುಗಿ ನೋಡಿದಳು. ಅವನು ಎಷ್ಟು ಹೊತ್ತಿನಿಂದ ನಿಂತಿದ್ದನೋ ತಿಳಿಯದು. ಅವಳ ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನೇ ನೋಡುತ್ತಿದ್ದ.

"ಎಲ್ಲಿ ಮಣ್ಣು ಮಾಡೀರಿ ಅವನ್ನ?"

"ಕಮಲಾಪುರದಾಗ, ನಮ್ಮ ಹೊಲದಾಗ."

"ನೋಡಬೇಕು. ನಿಮ್ಮಣ್ಣ ಬಿಡ್ತಾನೇನು?"

"ಬಿಡಂಗಿಲ್ಲ," ಎಂದಳು. "ಐತಾರ ಹೋಗೂನು. ಒಂಬತ್ತರ ಬಸ್ಸಿಗೆ."

ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತರು, ನಡುವೆ ಅವಳ ಕೈಚೀಲ. ಊರು ದಾಟಿದ ಮೇಲೆ ಅವನು ಕೇಳಿದ: "ಎರಡು ವರ್ಸ ಸುಮ್ನಿದ್ರಿ. ಈಗ್ಯಾಕ?"

"ಒಂದು ಪಿಚ್ಚರ್ ನೋಡಿದೆ."

"ಪಿಚ್ಚರ್!" ಅವನು ಮೂಗಿನಲ್ಲೇ ನಕ್ಕ.

"ಅದರಾಗ ನಾ ಇದ್ದೆ," ಎಂದಳು ಪುತಳಾಬಾಯಿ. "ಬಾಗಿಲದಾಗ ನಿಂತಿದ್ದೆ. ನೀನೂ ಇದ್ದಿ. ಹೊರಗ ಬೆಂಚಿನ ಮ್ಯಾಲ ಕೂತಿದ್ದಿ."

ಅವನು ನಗುವುದನ್ನು ಬಿಟ್ಟ. ಅವಳು ಪರದೆಯ ಮೇಲೆ ಕಂಡದ್ದನ್ನೆಲ್ಲ ಹೇಳಿದಳು. ಕೂದಲು ಊದಿದ್ದು, ಸೂಟ್‌ಕೇಸು, ನೀರಡಿಕೆಯ ಮಾತು. ಹೇಳುತ್ತ ಹೇಳುತ್ತ ಬೂದು ಸಮುದ್ರ, ಅಡುಗೆಮನೆಯ ಕಿಟಕಿ, ಒಂದನ್ನೂ ಬಿಡಲಿಲ್ಲ.

"ಕೊನಿಗಿ ಏನಾಯ್ತು?"

"ಕೊನಿಗಿ ಅಂವ ಒಬ್ಬನೇ ಮನಿಗಿ ಹೋಗಿ, ಎರಡು ಕಪ್ ತೊಳದು ಬೋರಲು ಹಾಕ್ತಾನ. ಅಲ್ಲಿಗೆ ಮುಗೀತದ."

ಮಹಾಗಾಂವ ಬರುವ ತನಕ ಶಬ್ಬೀರ್ ಕಿಟಕಿಯಾಚೆ ತೊಗರಿ ಹೊಲಗಳನ್ನು ನೋಡುತ್ತ ಕೂತ. ಅಲ್ಲಿ ಜನ ಇಳಿದು ಬಸ್ಸು ಹಗುರಾದಾಗ ಅವಳು ದನಿ ತಗ್ಗಿಸಿ ಕೇಳಿದಳು: "ನೀ ರಕ್ತ ತಪಾಸ ಮಾಡಿಸೀಯೇನು?"

"ಇಲ್ಲ."

"ನಮ್ಮ ಮೇಡಂ ಹತ್ರ ಮಾಡಿಸೂನು. ನಾ ಸಂಗಾಟ ಇರ್ತೀನಿ."

"ಯಾರರ ಕೇಳಿದ್ರ?"

"ಅಕ್ಕ ಅಂತೀನಿ."

ಅವನು ಮತ್ತೆ ಕಿಟಕಿಯಾಚೆ ತಿರುಗಿದ.

ಕಮಲಾಪುರದ ಓಣಿ ಹೊಕ್ಕಾಗ ಹನ್ನೊಂದಾಗುತ್ತ ಬಂದಿತ್ತು. ಮನೆಯ ಮುಂದೆ ಚಂದ್ರಶಾ ಕೆಂಪು ಬಾಳೆಯ ಗೊನೆಗಳನ್ನು ಟೆಂಪೊಗೆ ಹೇರಿಸುತ್ತಿದ್ದ. ತಂಗಿಯನ್ನು ಕಂಡು ಮೊದಲು ಮುಖ ಅರಳಿತು. ಹಿಂದಿದ್ದವನನ್ನು ಕಂಡದ್ದೇ ಮೆಟ್ಟಿಲಿಳಿದು ಎದುರಿಗೆ ಬಂದ. "ಇವನ್ನ ಯಾಕ ಕರ್ಕೊಂಡ್ ಬಂದಿ? ನನ್ನ ಮಗಳನ್ನ ನೋಡ್ಲಾಕ ಬುಧವಾರ ಬೀಗರು ಬರವರು ಇದ್ದಾರ, ಗೊತ್ತದಿಲ್ಲ ನಿನಗ?"

"ಗೊತ್ತದ. ನಾವು ಮನ್ಯಾಗ ಬರಂಗಿಲ್ಲ. ಹೊಲಕ್ಕ ಹೊಂಟೀವಿ."

"ಹೊಲ ಯಾರದು?"

"ಅಪ್ಪಂದು. ಅಂಬಣ್ಣನ ಪಾಲೂ ಅದರಾಗ ಅದ, ಮಣ್ಣಾಗಿ."

ಟೆಂಪೊದವನು ಗೊನೆ ಹಿಡಿದುಕೊಂಡೇ ನಿಂತುಬಿಟ್ಟ. ಎದುರು ಕಟ್ಟೆಯ ಮೇಲೆ ಕೂತಿದ್ದ ಭಾಗಪ್ಪ ಕತ್ತು ಉದ್ದ ಮಾಡಿ, "ಯಾರೋ ಚಂದ್ರಶಾ ಅಂವ? ಏನಾಗಬೇಕು ನಿಮಗ?" ಎಂದು ಕೇಳಿದ. ಚಂದ್ರಶಾ ತಂಗಿಯ ಕಡೆ ನೋಡಿದ. ಆ ನೋಟದಲ್ಲಿ ಸಿಟ್ಟಿಗಿಂತ ಹೆಚ್ಚು ಬೇಡಿಕೆಯೇ ಇತ್ತು. ಯಾವುದೋ ಒಂದು ಸುಳ್ಳು ಹೇಳಿಬಿಡು ಎಂಬ ಬೇಡಿಕೆ. ಕೆಲಸದವ ಎನ್ನು, ದವಾಖಾನೆಯವ ಎನ್ನು. ಪುತಳಾಬಾಯಿಗೆ ಅಣ್ಣನ ಮೇಲೆ ಮರುಕ ಹುಟ್ಟಿತು. ಬುಧವಾರ ಬರುವ ಬೀಗರು ಇನ್ನು ಬರುವರೋ ಇಲ್ಲವೋ, ಅದು ತನ್ನ ಬಾಯಲ್ಲಿದೆ ಎಂದು ಅವಳಿಗೆ ತಿಳಿದಿತ್ತು.

"ಶಬ್ಬೀರ್ ಅಂತ, ಭಾಗಪ್ಪಣ್ಣ," ಎಂದಳು, ಓಣಿಗೆ ಕೇಳುವಷ್ಟು ದೊಡ್ಡದಾಗಿ. "ನಮ್ಮ ಅಂಬಣ್ಣನ ಮನಿಯಾಂವ."

ಭಾಗಪ್ಪನಿಗೆ ಏನು ಅರ್ಥವಾಯಿತೋ, ಬಾಯಿ ಮುಚ್ಚಿಕೊಂಡ. ಚಂದ್ರಶಾ ಮಾತ್ರ ಮುಖ ಕೆಂಪಗೆ ಮಾಡಿಕೊಂಡು, "ಇವತ್ತಿಂದ ಈ ಹೊಸ್ತಿಲು ತುಳೀಬ್ಯಾಡ ನೀ," ಎಂದ.

"ತುಳೀತೀನಿ, ಅಣ್ಣ. ಅವ್ವ ಇಲ್ಲಿ ಅದಾಳ. ನೀ ಬ್ಯಾಡ ಅಂದಷ್ಟು ಸಲ ಬರ್ತೀನಿ." ಹೇಳಿ, ಶಬ್ಬೀರನ ತೋಳು ಹಿಡಿದು ಹೊಲದ ದಾರಿಗೆ ತಿರುಗಿದಳು. ಹಿಡಿದ ತೋಳನ್ನು ಓಣಿ ಮುಗಿಯುವ ತನಕ ಬಿಡಲಿಲ್ಲ.

ಅಂಬಣ್ಣನನ್ನು ಮಣ್ಣು ಮಾಡಿದ್ದು ಬಾಳೆಯ ತೋಟದಾಚೆ, ಬೇವಿನ ಮರದ ಹತ್ತಿರ. ಗುರುತಿಗೆ ನಾಲ್ಕು ಕಲ್ಲು, ಅದರ ಮೇಲೆ ಮಳೆಗೆ ಎದ್ದ ಹುಲ್ಲು. ಶಬ್ಬೀರ್ ಚಪ್ಪಲಿ ಬಿಟ್ಟು ಹತ್ತಿರ ಹೋದ. ಆಮೇಲೆ ಕುಕ್ಕರುಗಾಲಿನಲ್ಲಿ ಕೂತು, ಕಲ್ಲುಗಳ ಹತ್ತಿರಕ್ಕೆ ಬಾಯಿ ತಂದು ಬಗ್ಗಿ, "ಬಂದಿದ್ದೆ. ಮೂರು ಸಲ ಬಂದಿದ್ದೆ," ಎಂದ. ಪುತಳಾಬಾಯಿ ದೂರ ಸರಿದು ಬಾಳೆಯ ಸಾಲಿನ ಕಡೆಗೆ ಮುಖ ಮಾಡಿ ನಿಂತಳು.

ಕೋಲಿನ ಸದ್ದು ಕೇಳಿ ತಿರುಗಿದಳು. ಅವ್ವ ಮಲ್ಕಮ್ಮ ಬರುತ್ತಿದ್ದಳು. ಕಣ್ಣು ಮಸುಕಾಗಿ ವರ್ಷವಾಗಿದ್ದರೂ ಬದುವಿನ ದಾರಿ ಅವಳ ಕಾಲಿಗೆ ಗೊತ್ತಿತ್ತು. ಓಣಿಯಲ್ಲಿ ನಡೆದ ಮಾತನ್ನು ಒಳಗಿಂದ ಕೇಳಿಸಿಕೊಂಡೇ ಎದ್ದು ಬಂದಿರಬೇಕು. ಮಗಳು ಕೈ ಹಿಡಿಯಲು ಹೋದರೆ ಕೊಡವಿಕೊಂಡು, ಕಲ್ಲುಗಳ ಮೇಲಿನ ಹುಲ್ಲು ಕೀಳುತ್ತಿದ್ದ ಶಬ್ಬೀರನ ಪಕ್ಕದಲ್ಲಿ ಬದುವಿನ ಮೇಲೆ ಕೂತಳು. ಕೋಲನ್ನು ತನಗೂ ಅವನಿಗೂ ನಡುವೆ ಅಡ್ಡ ಇಟ್ಟುಕೊಂಡಳು.

ಕೈ ಚಾಚಿ ಒಂದು ಕಲ್ಲನ್ನು ತಡವಿದಳು. ಆಮೇಲೆ, "ಕಲಬುರಗ್ಯಾಗ ಅಂವ ಹೊಟ್ಟಿ ತುಂಬ ಉಣ್ತಿದ್ನೇನಪಾ?" ಎಂದು ಕೇಳಿದಳು.

ಶಬ್ಬೀರ್ ಕೈಯ ಮಣ್ಣು ಝಾಡಿಸಿಕೊಂಡ. "ಉಣ್ತಿದ್ದರಿ, ಅವ್ವಾರ. ಜ್ವಾಳದ ರೊಟ್ಟಿ ಬಡೀಲಾಕ ನನಗ ಅವನೇ ಕಲಿಸ್ದ. ನಂದು ದುಂಡಗ ಬರ್ತಿದ್ದಿಲ್ಲ. ಇದು ರೊಟ್ಟಿ ಅಲ್ಲ, ಹಿಂದೂಸ್ತಾನದ ನಕಾಶಿ ಅಂತಿದ್ದ."

"ಅವಗ ಕಲಿಸಿದಾಕಿ ನಾನು."

"ಗೊತ್ತದರಿ. ಹೇಳಿದ್ದ."

"ಮತ್ತೇನೇನ್ ಹೇಳಿದ್ದ?"

ಅವನು ಹೇಳತೊಡಗಿದ. ತೋಟದಾಚೆಯ ಹುಮನಾಬಾದ್ ರಸ್ತೆಯಲ್ಲಿ ಕಲಬುರಗಿಯ ಬಸ್ಸೊಂದು ಹೋಯಿತು, ಸ್ವಲ್ಪ ಹೊತ್ತಿಗೆ ಇನ್ನೊಂದು. ಯಾರೂ ಏಳಲಿಲ್ಲ. ಮಲ್ಕಮ್ಮ ಅವನ ಮಾತು ಸರಿಯಾಗಿ ಕೇಳಲೆಂದು ಕಿವಿ ಅವನತ್ತ ವಾಲಿಸಿ, ನಡುವೆ ತೊಡರುತ್ತಿದ್ದ ಕೋಲನ್ನು ಎತ್ತಿ ಆಚೆ ಬದಿಗೆ ಇಟ್ಟಳು.